ಯಾವ ದಿನ, ಯಾವ ಚಕ್ರ: ಭ್ರೂಣ ವರ್ಗಾವಣೆಯ ಬಗೆಗಳನ್ನು ಕಂಡ ಅನುಭವ

ಅಂಡವನ್ನು ದೇಹದ ಹೊರಗೆ ಫಲಿತಗೊಳಿಸಿ ಭ್ರೂಣ ಬೆಳೆಸುವ ಐವಿಎಫ್ ಚಿಕಿತ್ಸೆಯ ಬಗ್ಗೆ ನಮ್ಮಲ್ಲಿ ಕೇಳಿಬರುವ ಮಾತು ಬಹುಪಾಲು ಇಂಜೆಕ್ಷನ್ನುಗಳ ನೋವು, ಖರ್ಚು ಮತ್ತು ಕಾಯುವ ಸಂಕಟದ ಸುತ್ತಲೇ ಇರುತ್ತದೆ. ಪ್ರಯೋಗಾಲಯದಲ್ಲಿ ಬೆಳೆದ ಭ್ರೂಣವನ್ನು ಗರ್ಭಕೋಶಕ್ಕೆ ಸೇರಿಸುವ ಕೆಲಸ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯುವಂಥದ್ದಾದ್ದರಿಂದ ಅದರ ವಿಷಯವಾಗಿ ಯಾರೂ ಹೆಚ್ಚು ಹೇಳುವುದಿಲ್ಲ. ಆದರೆ ಭ್ರೂಣ ಮೂರನೆಯ ದಿನದ್ದಾಗಿರಬೇಕೋ ಐದನೆಯ ದಿನದ್ದೋ, ಒಂದನ್ನು ಸೇರಿಸಬೇಕೋ ಎರಡನ್ನೋ, ಅಂಡಗಳನ್ನು ಹೊರತೆಗೆದ ಅದೇ ತಿಂಗಳಲ್ಲಿ ಸೇರಿಸಬೇಕೋ ಅಥವಾ ಫ್ರೀಜ್ ಮಾಡಿಟ್ಟು ಮುಂದೆ ಸೇರಿಸಬೇಕೋ, ಗರ್ಭಕೋಶದ ಒಳಪದರವನ್ನು ಮಾತ್ರೆಗಳಿಂದ ಬೆಳೆಸಬೇಕೋ ಅಥವಾ ದೇಹದ ಸಹಜ ಋತುಚಕ್ರಕ್ಕೇ ಬಿಡಬೇಕೋ ಎಂಬ ಪ್ರಶ್ನೆಗಳೆಲ್ಲ ಆ ಕೆಲವು ನಿಮಿಷಗಳಿಗೆ ಮುಂಚೆಯೇ ಇತ್ಯರ್ಥವಾಗಿರಬೇಕಾಗುತ್ತದೆ. ಈ ಬಗೆಗಳಲ್ಲಿ ಹೆಚ್ಚಿನವನ್ನು ನಾನು ಕಂಡಿದ್ದೇನೆ. ನಾನಾಗಿ ಆರಿಸಿಕೊಂಡು ಕಂಡದ್ದಲ್ಲ. ಆಯಾ ಹೊತ್ತಿನ ನನ್ನ ದೇಹಸ್ಥಿತಿ, ಪ್ರಯೋಗಾಲಯದ ಅನುಕೂಲ ಮತ್ತು ವೈದ್ಯರ ಲೆಕ್ಕಾಚಾರ ಸೇರಿ ಒಂದೊಂದು ಸಲ ಒಂದೊಂದು ದಾರಿಯನ್ನು ತೋರಿಸಿದವು. ಯಾವುದು ಶ್ರೇಷ್ಠ ಎಂದು ಹುಡುಕಿದ್ದಕ್ಕಿಂತ, ಈ ಸಲ ಇದೇ ಯಾಕೆ ಎಂದು ಕೇಳಿ ತಿಳಿದುಕೊಂಡದ್ದೇ ನನ್ನ ಉಪಯೋಗಕ್ಕೆ ಬಂದಿತು.

ನಾನು ದಾವಣಗೆರೆಯ ಒಂದು ಪದವಿಪೂರ್ವ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ಡೈ ಹಾಕಿ ತೆಗೆದ ಎಕ್ಸ್‌ರೇಯಲ್ಲಿ ನನ್ನ ಎರಡೂ ಗರ್ಭನಾಳಗಳು ಮುಚ್ಚಿರುವುದು ಕಂಡಿತು, ಲ್ಯಾಪರೊಸ್ಕೋಪಿ ಅದನ್ನು ಖಚಿತಪಡಿಸಿತು. ನಾಳಗಳಲ್ಲಿ ನೀರು ತುಂಬಿ ಊದಿಕೊಂಡಿರಲಿಲ್ಲ ಎಂಬುದೊಂದು ಸಮಾಧಾನ. ಊದಿದ ನಾಳದ ದ್ರವ ಗರ್ಭಕೋಶಕ್ಕೆ ಇಳಿದು ಭ್ರೂಣ ನೆಲೆಯೂರುವುದಕ್ಕೆ ಅಡ್ಡಿಯಾಗುವುದರಿಂದ, ಅಂಥವರಿಗೆ ವರ್ಗಾವಣೆಗೆ ಮೊದಲೇ ನಾಳವನ್ನು ತೆಗೆದುಹಾಕುತ್ತಾರೆ ಇಲ್ಲವೇ ಬುಡದಲ್ಲಿ ಮುಚ್ಚಿಬಿಡುತ್ತಾರೆ. ಇದನ್ನು ಬಿಟ್ಟರೆ ನನ್ನ ಮುಟ್ಟು ಕ್ರಮವಾಗಿತ್ತು, ಅಂಡಗಳ ಸಂಗ್ರಹ ಚೆನ್ನಾಗಿತ್ತು. ಜಗತ್ತಿನ ಮೊದಲ ಐವಿಎಫ್ ಮಗು, 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಹುಟ್ಟಿದ ಲೂಯಿಸ್ ಬ್ರೌನ್‌ಳ ತಾಯಿಗೂ ಇದೇ ತೊಂದರೆಯಿತ್ತು. ಪ್ಯಾಟ್ರಿಕ್ ಸ್ಟೆಪ್ಟೋ, ರಾಬರ್ಟ್ ಎಡ್ವರ್ಡ್ಸ್ ಮತ್ತು ಜೀನ್ ಪರ್ಡಿ ಅವರು ಅಂಡಾಶಯವನ್ನು ಔಷಧಿಯಿಂದ ಪ್ರಚೋದಿಸದೆ, ಸಹಜ ಚಕ್ರದಲ್ಲಿ ದೊರೆತ ಒಂದೇ ಅಂಡದಿಂದ ಬೆಳೆದ ಎಂಟು ಕೋಶಗಳ ಭ್ರೂಣವನ್ನು ಆಕೆಗೆ ಸೇರಿಸಿದ್ದರು. ಈ ವಿದ್ಯೆ ಶುರುವಾದದ್ದೇ ಸಹಜ ಚಕ್ರ ಮತ್ತು ಒಂದೇ ಭ್ರೂಣದಿಂದ ಎಂಬುದನ್ನು ಓದಿದಾಗ ನನಗೆ ಆಶ್ಚರ್ಯವಾಗಿತ್ತು, ಏಕೆಂದರೆ ನನ್ನ ಚಿಕಿತ್ಸೆ ಶುರುವಾದದ್ದು ಇವೆರಡಕ್ಕೂ ತದ್ವಿರುದ್ಧವಾಗಿ.

ಮೊದಲ ವರ್ಗಾವಣೆ ನಡೆದದ್ದು ಮನೆಗೆ ಹತ್ತಿರವಿದ್ದ ಒಂದು ಚಿಕ್ಕ ಕೇಂದ್ರದಲ್ಲಿ. ಹಾರ್ಮೋನ್ ಇಂಜೆಕ್ಷನ್ನುಗಳನ್ನು ಕೊಟ್ಟು ಹಲವು ಅಂಡಗಳನ್ನು ಬೆಳೆಸಿ, ಅವನ್ನು ಹೊರತೆಗೆದ ಮೂರನೆಯ ದಿನ ಎರಡು ಭ್ರೂಣಗಳನ್ನು ಒಟ್ಟಿಗೆ ಸೇರಿಸಿದರು. ಐದನೆಯ ದಿನದವರೆಗೆ ಏಕೆ ಕಾಯುವುದಿಲ್ಲ ಎಂದು ಕೇಳಿದಾಗ ಅಲ್ಲಿನ ವೈದ್ಯೆ ಮುಚ್ಚುಮರೆಯಿಲ್ಲದೆ ಹೇಳಿದರು: “ನೋಡಿ ಮೇಡಂ, ಐದು ದಿನ ಬೆಳೆಸೋದು ನಮ್ಮ ಲ್ಯಾಬಿನಲ್ಲಿ ಇನ್ನೂ ಅಷ್ಟು ಚೆನ್ನಾಗಿ ಕೈಗೂಡಿಲ್ಲ. ಹೊರಗಿಟ್ಟು ಕಳ್ಕೊಳ್ಳೋದಕ್ಕಿಂತ ಒಳಗಿಡೋದೇ ವಾಸಿ.” ಆ ಉತ್ತರವನ್ನು ನಾನು ಇಂದಿಗೂ ಗೌರವಿಸುತ್ತೇನೆ. ಯಾವ ಕ್ರಮ ಒಳ್ಳೆಯದು ಎಂಬುದು ಆ ಕ್ರಮವನ್ನು ನಡೆಸುವ ಪ್ರಯೋಗಾಲಯದ ಮೇಲೂ ನಿಂತಿರುತ್ತದೆ ಎಂಬುದು ಆಗ ಅರ್ಥವಾಯಿತು.

ಮೂರನೆಯ ದಿನದ ಭ್ರೂಣದಲ್ಲಿ ಸಾಮಾನ್ಯವಾಗಿ ಆರರಿಂದ ಎಂಟು ಕೋಶಗಳಿರುತ್ತವೆ. ಅಲ್ಲಿಯವರೆಗೆ ಅದು ಬೆಳೆಯುವುದು ಬಹುಮಟ್ಟಿಗೆ ಅಂಡದಲ್ಲಿ ಮೊದಲೇ ಕೂಡಿಟ್ಟಿದ್ದ ಸಾಮಗ್ರಿಯ ಬಲದಿಂದ. ಭ್ರೂಣದ ಸ್ವಂತ ಜೀನ್‌ಗಳು ಪೂರ್ಣವಾಗಿ ಕೆಲಸಕ್ಕೆ ತೊಡಗುವುದು ನಾಲ್ಕರಿಂದ ಎಂಟು ಕೋಶಗಳ ಹಂತದಲ್ಲಿ. ಆದ್ದರಿಂದ ಮೂರನೆಯ ದಿನ ಸೂಕ್ಷ್ಮದರ್ಶಕದ ಕೆಳಗೆ ಅಚ್ಚುಕಟ್ಟಾಗಿ ಕಂಡ ಭ್ರೂಣವೊಂದು ನಾಲ್ಕನೆಯ ದಿನ ನಿಂತುಹೋಗಬಹುದು. ಐದನೆಯ ದಿನಕ್ಕೆ ತಲುಪಿದ್ದು ಬ್ಲಾಸ್ಟೊಸಿಸ್ಟ್ ಆಗುತ್ತದೆ: ಒಳಗೆ ಮಗುವಾಗಬೇಕಾದ ಕೋಶಗಳ ಗುಂಪು, ಹೊರಗೆ ಮಾಸು ಆಗಬೇಕಾದ ಪದರ, ನಡುವೆ ದ್ರವ. ಸಹಜ ಗರ್ಭಧಾರಣೆಯಲ್ಲಿಯೂ ಭ್ರೂಣ ಗರ್ಭನಾಳದಿಂದ ಗರ್ಭಕೋಶಕ್ಕೆ ಇಳಿಯುವುದು ಹೆಚ್ಚುಕಡಿಮೆ ಈ ಹೊತ್ತಿಗೇ. ಹೀಗಾಗಿ ಒಂದು ಬ್ಲಾಸ್ಟೊಸಿಸ್ಟ್‌ಗೆ ನೆಲೆಯೂರುವ ಸಾಧ್ಯತೆ ಒಂದು ಮೂರನೆಯ ದಿನದ ಭ್ರೂಣಕ್ಕಿಂತ ಹೆಚ್ಚು. ಆದರೆ ಈ ಹೋಲಿಕೆಯಲ್ಲಿ ಒಂದು ಮರೆವು ಅಡಗಿದೆ. ಫಲಿತವಾದ ಅಂಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಾತ್ರ ಐದನೆಯ ದಿನ ಮುಟ್ಟುತ್ತವೆ, ಭ್ರೂಣಗಳು ಒಂದೆರಡೇ ಇದ್ದವರಿಗೆ ಆ ದಿನ ಸೇರಿಸಲು ಏನೂ ಉಳಿಯದೆ ಇರಬಹುದು. ಕಾಯುವುದರಿಂದ ಭ್ರೂಣ ಉತ್ತಮವಾಗುವುದಿಲ್ಲ. ಮುಂದುವರಿಯಬಲ್ಲದ್ದು ಯಾವುದೆಂದು ಗೊತ್ತಾಗುತ್ತದೆ, ಅಷ್ಟೆ.

ಆ ಮೊದಲ ಸಲ ಗರ್ಭ ನಿಂತಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆಯ, ಅಂದರೆ ಬೀಟಾ, ರಿಪೋರ್ಟ್ ನೆಗೆಟಿವ್ ಬಂದಿತು. ಭ್ರೂಣಗಳದ್ದೇ ದೋಷವೋ ಅಥವಾ ಆ ಹೊತ್ತಿನ ಗರ್ಭಕೋಶದ್ದೋ ಎಂದು ಯಾರೂ ಹೇಳಲಾರರು. ಹಲವು ಅಂಡಗಳು ಒಟ್ಟಿಗೆ ಬೆಳೆದಾಗ ರಕ್ತದಲ್ಲಿ ಈಸ್ಟ್ರೋಜನ್ ಹಾರ್ಮೋನು ಸಹಜ ತಿಂಗಳಿಗಿಂತ ಎಷ್ಟೋ ಪಟ್ಟು ಏರಿರುತ್ತದೆ. ನನಗೆ ಹೊಟ್ಟೆ ಉಬ್ಬಿಕೊಂಡು ಸೀರೆಯ ನೆರಿಗೆ ಸಿಕ್ಕಿಸುವುದೂ ಕಷ್ಟವಾಗಿತ್ತು. ಅಂಥ ಹೊತ್ತಿನಲ್ಲಿ ಒಳಪದರ ಭ್ರೂಣದ ವಯಸ್ಸಿಗಿಂತ ಮುಂದೆ ಓಡಿಬಿಡಬಹುದು ಎಂಬುದೇ ಅಂಡ ಹೊರತೆಗೆದ ಅದೇ ತಿಂಗಳಲ್ಲಿ ಮಾಡುವ ತಾಜಾ ವರ್ಗಾವಣೆಯ ಮೇಲಿರುವ ಮುಖ್ಯ ಆಕ್ಷೇಪ.

ಮುಂದಿನ ಚಿಕಿತ್ಸೆಗೆ ಬೆಂಗಳೂರಿಗೆ ಹೋದೆವು. ಅಲ್ಲಿ ಮದುವೆಯ ದಾಖಲೆ, ಆಧಾರ್, ಇಬ್ಬರ ಸಹಿಯಿರುವ ಒಪ್ಪಿಗೆ ಪತ್ರಗಳು ಎಲ್ಲವನ್ನೂ ಕೇಳಿದರು. 2022ರ ಜನವರಿಯಿಂದ ಜಾರಿಯಲ್ಲಿರುವ ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನದ ಕಾನೂನಿನ ಪ್ರಕಾರ ದಂಪತಿಗಳ ಲಿಖಿತ ಒಪ್ಪಿಗೆಯಿಲ್ಲದೆ ಏನನ್ನೂ ಮಾಡುವಂತಿಲ್ಲ. ಈ ಸಲವೂ ಅಂಡಾಶಯಗಳು ಜೋರಾಗಿ ಸ್ಪಂದಿಸಿದವು. ಸ್ಕ್ಯಾನಿಂಗ್ ನೋಡಿದ ವೈದ್ಯೆ, ಈ ತಿಂಗಳು ಏನನ್ನೂ ಸೇರಿಸುವುದು ಬೇಡ, ಎಲ್ಲವನ್ನೂ ಬ್ಲಾಸ್ಟೊಸಿಸ್ಟ್ ಹಂತಕ್ಕೆ ಬೆಳೆಸಿ ಫ್ರೀಜ್ ಮಾಡೋಣ ಎಂದರು. ಅಂಡಾಶಯ ಅತಿಯಾಗಿ ಪ್ರಚೋದನೆಗೊಂಡಾಗ ಹೊಟ್ಟೆಯಲ್ಲಿ ನೀರು ತುಂಬಿಕೊಂಡು ರಕ್ತ ಗಟ್ಟಿಯಾಗುವ ಅಪಾಯವಿರುತ್ತದೆ. ಅದೇ ತಿಂಗಳಲ್ಲಿ ಗರ್ಭ ನಿಂತರೆ ಭ್ರೂಣವೇ ಸ್ರವಿಸುವ ಹಾರ್ಮೋನು ಈ ತೊಂದರೆಯನ್ನು ಇನ್ನಷ್ಟು ಉಲ್ಬಣಿಸುತ್ತದೆ. ನನ್ನ ಅತ್ತೆಗೆ ಇದು ಸರಿಬರಲಿಲ್ಲ. “ಹಸೀದಿದ್ದಾಗ ಇಡ್ದೆ ಐಸಿನಾಗಿಟ್ರೆ ಅದ್ರಾಗೆ ಜೀವ ಉಳೀತತೇನವ್ವ?” ಎಂದು ಅವರು ಕೇಳಿದ್ದು ಎಲ್ಲರ ಮನಸ್ಸಿನಲ್ಲಿದ್ದ ಪ್ರಶ್ನೆಯೇ.

ರಸಾಯನಶಾಸ್ತ್ರದವಳಾದ್ದರಿಂದ ಈ ಪ್ರಶ್ನೆಗೆ ನಾನೇ ಉತ್ತರಿಸಿದೆ. ಜೀವಕೋಶವನ್ನು ನಿಧಾನವಾಗಿ ತಣಿಸಿದರೆ ಒಳಗಿನ ನೀರು ಮಂಜಿನ ಹರಳಾಗಿ ಕೋಶವನ್ನು ಸೀಳುತ್ತದೆ. ಸಕ್ಕರೆ ಪಾಕವನ್ನು ತನ್ನಷ್ಟಕ್ಕೆ ಬಿಟ್ಟರೆ ಕಲ್ಲುಸಕ್ಕರೆಯ ಹರಳು ಕಟ್ಟುತ್ತದೆ, ಗಟ್ಟಿ ಪಾಕವನ್ನು ಥಟ್ಟನೆ ತಣಿಸಿದರೆ ಹರಳಿಲ್ಲದೆ ಗಾಜಿನಂತೆ ಬಿಗಿಯುತ್ತದೆ. ಈಗಿನ ವಿಟ್ರಿಫಿಕೇಶನ್ ವಿಧಾನ ಇದೇ ತತ್ವದ್ದು. ಭ್ರೂಣದ ನೀರಿನ ಬಹುಪಾಲನ್ನು ತೆಗೆದು, ರಕ್ಷಕ ದ್ರಾವಣದಲ್ಲಿ ಅದ್ದಿ, ಕ್ಷಣಾರ್ಧದಲ್ಲಿ ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ ಇಳಿಸುತ್ತಾರೆ. ಒಳ್ಳೆಯ ಪ್ರಯೋಗಾಲಯದಲ್ಲಿ ಹೀಗಿಟ್ಟ ನೂರು ಬ್ಲಾಸ್ಟೊಸಿಸ್ಟ್‌ಗಳಲ್ಲಿ ತೊಂಬತ್ತಕ್ಕಿಂತ ಹೆಚ್ಚು ಕರಗಿಸಿದ ಮೇಲೆ ಬದುಕಿರುತ್ತವೆ. ಹಳೆಯ ನಿಧಾನ ಕ್ರಮದಲ್ಲಿ ಈ ಪ್ರಮಾಣ ಬಹಳ ಕಡಿಮೆಯಿತ್ತು, ಹಾಗಾಗಿ ಆ ಕಾಲದಲ್ಲಿ ಫ್ರೀಜ್ ಮಾಡುವುದೆಂದರೆ ಮಿಕ್ಕದ್ದನ್ನು ಎತ್ತಿಡುವುದು ಎಂದೇ ಅರ್ಥವಾಗಿತ್ತು.

ಹೆಪ್ಪುಗಟ್ಟಿಸಿ ಮುಂದಿನ ಚಕ್ರದಲ್ಲಿ ಸೇರಿಸುವ ಆಲೋಚನೆ ಹೊಸದೂ ಅಲ್ಲ, ಹೊರಗಿನದೂ ಅಲ್ಲ. ಲೂಯಿಸ್ ಬ್ರೌನ್ ಹುಟ್ಟಿದ ಕೆಲವೇ ವಾರಗಳಲ್ಲಿ, 1978ರ ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ದುರ್ಗಾ ಎಂಬ ಮಗು ಹುಟ್ಟಿತು. ಅದರ ಹಿಂದಿದ್ದ ಡಾ. ಸುಭಾಷ್ ಮುಖೋಪಾಧ್ಯಾಯರು ಔಷಧಿಯಿಂದ ಹಲವು ಅಂಡಗಳನ್ನು ಬೆಳೆಸಿ, ಭ್ರೂಣವನ್ನು ಹೆಪ್ಪುಗಟ್ಟಿಸಿಟ್ಟು, ನಂತರದ ಸಹಜ ಚಕ್ರದಲ್ಲಿ ವರ್ಗಾಯಿಸಿದ್ದರು. ಆಗಿನ ಸರ್ಕಾರಿ ಸಮಿತಿ ಅವರನ್ನು ನಂಬಲಿಲ್ಲ. 1981ರಲ್ಲಿ ಅವರು ಪ್ರಾಣ ಕಳೆದುಕೊಂಡರು. 1986ರಲ್ಲಿ ಮುಂಬೈಯಲ್ಲಿ ಇಂದಿರಾ ಹಿಂದುಜಾ ಅವರೊಡನೆ ದೇಶದ ಮೊದಲನೆಯದೆಂದು ಆಗ ಎಣಿಸಿದ್ದ ಹರ್ಷಾ ಎಂಬ ಐವಿಎಫ್ ಮಗುವಿನ ಜನನಕ್ಕೆ ಕಾರಣರಾಗಿದ್ದ ವಿಜ್ಞಾನಿ, ನಿವೃತ್ತಿಯ ನಂತರ ಬೆಂಗಳೂರಿನಲ್ಲಿ ನೆಲೆಸಿದ್ದ ಟಿ. ಸಿ. ಆನಂದ್ ಕುಮಾರ್ ಅವರೇ ಮುಖೋಪಾಧ್ಯಾಯರ ಟಿಪ್ಪಣಿಗಳನ್ನು ಪರಿಶೀಲಿಸಿ, ದೇಶದ ಮೊದಲ ಪ್ರಣಾಳ ಶಿಶುವಿನ ಶ್ರೇಯಸ್ಸು ತನಗಲ್ಲ, ಅವರಿಗೆ ಸಲ್ಲಬೇಕು ಎಂದು 1997ರಲ್ಲಿ ಬರೆದರು. ಫ್ರೀಜ್ ಮಾಡುವುದೆಂದರೆ ವಿದೇಶದಿಂದ ಬಂದ ಹೊಸ ಖರ್ಚು ಎಂದು ಗೊಣಗುತ್ತಿದ್ದ ನನ್ನ ಭಾವನಿಗೆ ನಾನು ಈ ಕಥೆಯನ್ನು ಸಾಕಷ್ಟು ಉತ್ಸಾಹದಿಂದಲೇ ಹೇಳಿದ್ದೆ.

ಹಾಗಾದರೆ ಫ್ರೋಜನ್ ವರ್ಗಾವಣೆ ಎಲ್ಲರಿಗೂ ಮೇಲೆ? ಅಧ್ಯಯನಗಳು ಹಾಗೆ ಹೇಳುವುದಿಲ್ಲ. ಚೀನಾದಲ್ಲಿ ಪಿಸಿಓಎಸ್, ಅಂದರೆ ಹಾರ್ಮೋನಿನ ಏರುಪೇರಿನಿಂದ ಅಂಡೋತ್ಪತ್ತಿ ಕ್ರಮತಪ್ಪುವ ತೊಂದರೆ, ಇರುವ 1,508 ಮಹಿಳೆಯರ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಗು ಹುಟ್ಟಿದ ಪ್ರಮಾಣ ಫ್ರೋಜನ್ ಗುಂಪಿನಲ್ಲಿ ಶೇ. 49.3, ತಾಜಾ ಗುಂಪಿನಲ್ಲಿ ಶೇ. 42, ಅಂಡಾಶಯದ ಅತಿಪ್ರಚೋದನೆ ಶೇ. 7.1ರಿಂದ 1.3ಕ್ಕೆ ಇಳಿದಿತ್ತು. ಆದರೆ ಪಿಸಿಓಎಸ್ ಇಲ್ಲದವರ ಮೇಲೆ ಚೀನಾ ಮತ್ತು ವಿಯೆಟ್ನಾಂಗಳಲ್ಲಿ ನಡೆದು 2018ರಲ್ಲಿ ಬಂದ ಎರಡು ದೊಡ್ಡ ಅಧ್ಯಯನಗಳಲ್ಲಿ ಹುಟ್ಟಿದ ಮಕ್ಕಳ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಇನ್ನೊಂದು ಸಂಗತಿಯನ್ನು ಜಾಹೀರಾತುಗಳು ಹೇಳುವುದೇ ಇಲ್ಲ: 2016ರ ಅದೇ ಅಧ್ಯಯನದಲ್ಲಿ ಗರ್ಭಿಣಿಯರಿಗೆ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಹೋಗುವ ಪ್ರಿ-ಎಕ್ಲಾಂಪ್ಸಿಯಾ ತೊಂದರೆ ಫ್ರೋಜನ್ ಗುಂಪಿನಲ್ಲಿ ಶೇ. 4.4, ತಾಜಾ ಗುಂಪಿನಲ್ಲಿ ಶೇ. 1.4 ಕಂಡುಬಂದಿತ್ತು. ನನಗೆ ಪಿಸಿಓಎಸ್ ಇರಲಿಲ್ಲ, ಅತಿಪ್ರಚೋದನೆಯ ಅಪಾಯವಿತ್ತು. ಫ್ರೀಜ್ ಮಾಡಲು ಅದೊಂದೇ ಕಾರಣ ಸಾಕಾಗಿತ್ತು, ಆದರೆ ಫಲಿತಾಂಶ ಇದರಿಂದಲೇ ಹೆಚ್ಚುತ್ತದೆ ಎಂದು ನಾನು ನಂಬಿಕೊಂಡಿರಲಿಲ್ಲ.

ಫ್ರೋಜನ್ ವರ್ಗಾವಣೆಯ ಮೊದಲ ಸಲ ಔಷಧಿ ಚಕ್ರವನ್ನು ಅನುಸರಿಸಿದರು. ಮುಟ್ಟಿನ ಎರಡನೆಯ ದಿನದಿಂದ ಈಸ್ಟ್ರೋಜನ್ ಮಾತ್ರೆಗಳು ಶುರುವಾದವು, ಸ್ಕ್ಯಾನಿಂಗ್‌ನಲ್ಲಿ ಒಳಪದರ ಎಂಟು ಮಿಲಿಮೀಟರ್ ದಾಟಿ ಮೂರು ಗೆರೆಗಳಾಗಿ ಕಂಡ ಮೇಲೆ ಅದನ್ನು ಭ್ರೂಣಕ್ಕೆ ಸಿದ್ಧಗೊಳಿಸುವ ಪ್ರೊಜೆಸ್ಟರಾನ್ ಹಾರ್ಮೋನನ್ನು ಸೇರಿಸಿದರು, ಪ್ರೊಜೆಸ್ಟರಾನ್ ಐದು ಪೂರ್ತಿ ದಿನ ಆದ ಮೇಲೆ ಬ್ಲಾಸ್ಟೊಸಿಸ್ಟ್ ಅನ್ನು ವರ್ಗಾಯಿಸಿದರು. ಒಳಪದರದ ಪ್ರೊಜೆಸ್ಟರಾನ್ ವಯಸ್ಸೂ ಭ್ರೂಣದ ವಯಸ್ಸೂ ಒಂದೇ ಆಗಿರಬೇಕು ಎಂಬುದು ಇಡೀ ಲೆಕ್ಕದ ತಿರುಳು. ಮೂರನೆಯ ದಿನದ ಭ್ರೂಣವಾಗಿದ್ದರೆ ಮೂರೇ ದಿನಕ್ಕೆ ಸೇರಿಸುತ್ತಿದ್ದರು. ಈ ಕ್ರಮದ ದೊಡ್ಡ ಅನುಕೂಲ ದಿನಾಂಕ ಮೊದಲೇ ಗೊತ್ತಿರುವುದು. ಕಾಲೇಜಿನಲ್ಲಿ ಪ್ರಾಯೋಗಿಕ ಪರೀಕ್ಷೆಗಳಿಲ್ಲದ ವಾರ ನೋಡಿ ರಜೆ ಹಾಕಿ, ರೈಲಿನ ಟಿಕೆಟ್ ಬುಕ್ ಮಾಡಿಸಿಕೊಳ್ಳಬಹುದಿತ್ತು. ಅನನುಕೂಲವೆಂದರೆ ಆ ತಿಂಗಳು ಅಂಡೋತ್ಪತ್ತಿಯೇ ಆಗುವುದಿಲ್ಲ, ಆದ್ದರಿಂದ ದೇಹ ತಾನಾಗಿ ಪ್ರೊಜೆಸ್ಟರಾನ್ ಉತ್ಪಾದಿಸುವುದಿಲ್ಲ. ಗರ್ಭ ನಿಂತರೆ ಮಾಸು ಆ ಕೆಲಸವನ್ನು ವಹಿಸಿಕೊಳ್ಳುವವರೆಗೆ, ಅಂದರೆ ಸುಮಾರು ಹತ್ತು ಹನ್ನೆರಡು ವಾರಗಳವರೆಗೆ, ಹೊರಗಿನ ಔಷಧಿಯೇ ಆಧಾರ. ಎಣ್ಣೆಯಲ್ಲಿ ಕರಗಿಸಿದ ಆ ಇಂಜೆಕ್ಷನ್ನುಗಳಿಂದ ಸೊಂಟದ ಕೆಳಗೆ ಗಂಟುಗಳಾಗಿ ತರಗತಿಯಲ್ಲಿ ಕುಳಿತೇಳುವುದೇ ಕಷ್ಟವಾಗಿತ್ತು.

ವರ್ಗಾವಣೆಯ ಕ್ರಿಯೆ ಮಾತ್ರ ಎಲ್ಲ ಬಗೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಅರಿವಳಿಕೆ ಬೇಕಾಗುವುದಿಲ್ಲ. ನೀರು ಕುಡಿದು ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕು. ತುಂಬಿದ ಮೂತ್ರಕೋಶ ಗರ್ಭಕೋಶವನ್ನು ತುಸು ನೇರವಾಗಿಸುತ್ತದೆ, ಹೊಟ್ಟೆಯ ಮೇಲಿಂದ ಮಾಡುವ ಸ್ಕ್ಯಾನಿಂಗ್‌ನಲ್ಲಿ ಚಿತ್ರವೂ ಸ್ಪಷ್ಟವಾಗಿ ಕಾಣುತ್ತದೆ. ಮೊದಲ ಕೇಂದ್ರದಲ್ಲಿ ಸ್ಕ್ಯಾನಿಂಗ್ ಇಲ್ಲದೆ ಕೈಯಂದಾಜಿನಲ್ಲೇ ಸೇರಿಸಿದ್ದರು. ಸ್ಕ್ಯಾನಿಂಗ್ ನೋಡುತ್ತ ಸೇರಿಸಿದರೆ ಗರ್ಭ ನಿಲ್ಲುವ ಪ್ರಮಾಣ ಹೆಚ್ಚೆಂಬುದು ಹಲವು ಅಧ್ಯಯನಗಳಿಂದ ದೃಢಪಟ್ಟಿದೆ, ಆದ್ದರಿಂದ ಕೇಳಲೇಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು ಎಂದು ನಾನು ಹೇಳುತ್ತೇನೆ. ಬೆಂಗಳೂರಿನಲ್ಲಿ ಭ್ರೂಣಗಳನ್ನು ಬೆಳೆಸುವ ತಜ್ಞರಾದ ಎಂಬ್ರಿಯಾಲಜಿಸ್ಟ್ ಬಂದು ನನ್ನ ಮತ್ತು ನನ್ನ ಗಂಡನ ಹೆಸರು ಕೇಳಿ, ಡಿಶ್ ಮೇಲಿನ ಹೆಸರಿನೊಂದಿಗೆ ತಾಳೆ ನೋಡಿದರು. ಭ್ರೂಣವನ್ನು ಒಳಗೊಯ್ಯುವ ಮೆತ್ತನೆಯ ತೆಳು ನಳಿಕೆಯ, ಅಂದರೆ ಕ್ಯಾತಿಟರ್‌ನ, ತುದಿ ಗರ್ಭಕೋಶದ ಮೇಲ್ಗೋಡೆಗೆ ಒಂದೆರಡು ಸೆಂಟಿಮೀಟರ್ ಇರುವಾಗ ವೈದ್ಯೆ ನಿಲ್ಲಿಸಿದರು. ಗೋಡೆಗೆ ತಾಕಿದರೆ ಗರ್ಭಕೋಶ ಸಂಕುಚಿಸುತ್ತದೆ. ಪರದೆಯ ಮೇಲೆ ಮಿನುಗಿದ ಬಿಳಿ ಚುಕ್ಕೆ ಭ್ರೂಣವಲ್ಲ, ಅದರ ಜೊತೆಗಿರುವ ಗಾಳಿಗುಳ್ಳೆ. ಆಮೇಲೆ ಎಂಬ್ರಿಯಾಲಜಿಸ್ಟ್ ಕ್ಯಾತಿಟರನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡಿ, ಭ್ರೂಣ ಅದರಲ್ಲಿ ಉಳಿದುಕೊಂಡಿಲ್ಲವೆಂದು ಒಳಗಿನಿಂದಲೇ ಕೂಗಿ ಹೇಳಿದರು. “ಎದ್ದು ಬಾತ್‌ರೂಮಿಗೆ ಹೋಗಿ ಬನ್ನಿ, ಏನೂ ಬಿದ್ದುಹೋಗಲ್ಲ” ಎಂದು ಸಿಸ್ಟರ್ ನಕ್ಕರು. ಗರ್ಭಕೋಶದ ಎರಡು ಗೋಡೆಗಳು ಒಂದಕ್ಕೊಂದು ಅಂಟಿದಂತಿರುವುದರಿಂದ ಬೀಳುವ ಪ್ರಶ್ನೆಯೇ ಇಲ್ಲ. ಹಾಸಿಗೆ ಹಿಡಿದು ಮಲಗುವುದರಿಂದ ಯಾವ ಪ್ರಯೋಜನವೂ ಇಲ್ಲವೆಂದು ಪರೀಕ್ಷೆಗಳು ತೋರಿಸಿವೆ. ಮನೆಯಲ್ಲಿ ಮಾತ್ರ ಮೆಟ್ಟಿಲು ಹತ್ತಬೇಡ, ಪಪಾಯಿ ಮುಟ್ಟಬೇಡ ಎಂಬ ಆಜ್ಞೆಗಳು ಜಾರಿಯಲ್ಲಿದ್ದವು.

ಆ ಸಲ ಸೇರಿಸಿದ್ದು 4ಎಎ ದರ್ಜೆಯ ಭ್ರೂಣ. ಅಂಕೆ ಅದು ಎಷ್ಟು ಹಿಗ್ಗಿದೆ ಎಂಬುದನ್ನು, ಮೊದಲ ಅಕ್ಷರ ಒಳಗಿನ ಕೋಶಗುಂಪನ್ನು, ಎರಡನೆಯದು ಹೊರಪದರವನ್ನು ಹೇಳುತ್ತದೆ. ಇದಕ್ಕಿಂತ ಒಳ್ಳೆಯ ದರ್ಜೆ ನಮ್ಮ ಬಳಿ ಇರಲಿಲ್ಲ. ಬೀಟಾ ಪಾಸಿಟಿವ್ ಬಂದು, ಮರುಪರೀಕ್ಷೆಯಲ್ಲಿ ಏರಬೇಕಾದದ್ದು ಇಳಿದು, ಗರ್ಭ ನಿಲ್ಲಲಿಲ್ಲ. ಆ ವಾರಗಳ ಬಗ್ಗೆ ಹೆಚ್ಚು ಬರೆಯುವ ಮನಸ್ಸಿಲ್ಲ.

ಇಂಥ ಸಮಯದಲ್ಲಿಯೇ ಬಗೆಬಗೆಯ ಹೆಚ್ಚುವರಿ ವಿಧಾನಗಳು ಮುಂದೆ ಬಂದು ನಿಲ್ಲುತ್ತವೆ. ಬೇರೊಂದು ಕಡೆ ಅಭಿಪ್ರಾಯ ಕೇಳಲು ಹೋದಾಗ ಒಳಪದರವನ್ನು ಗೀರುವ ಚಿಕಿತ್ಸೆ ಮತ್ತು ಒಳಪದರದ ತುಣುಕು ತೆಗೆದು ನೆಲೆಯೂರುವ ಗಳಿಗೆಯನ್ನು ಲೆಕ್ಕಹಾಕುವ ಇಆರ್‌ಎ ಪರೀಕ್ಷೆ ಎರಡನ್ನೂ ಸೂಚಿಸಿದರು. ಗೀರುವುದರಿಂದ ಲಾಭವಿಲ್ಲವೆಂದು 1,300ಕ್ಕೂ ಹೆಚ್ಚು ಮಹಿಳೆಯರ ಮೇಲೆ ನಡೆದ 2019ರ ಅಧ್ಯಯನ ತೋರಿಸಿದೆ. ಇಆರ್‌ಎ ನೋಡಿ ಸಮಯ ಹೊಂದಿಸಿದರೂ ಹುಟ್ಟುವ ಮಕ್ಕಳ ಪ್ರಮಾಣ ಹೆಚ್ಚಲಿಲ್ಲವೆಂದು 2022ರ ಅಮೆರಿಕದ ಅಧ್ಯಯನ ತಿಳಿಸಿದೆ. ಎರಡನ್ನೂ ಬೇಡವೆಂದೆವು. ವರ್ಗಾವಣೆಯ ಹೊತ್ತಿನಲ್ಲಿ ಭ್ರೂಣವನ್ನು ಇಡುವ, ಹಯಲುರೊನಾನ್ ಎಂಬ ವಸ್ತು ಸೇರಿಸಿದ, ಎಂಬ್ರಿಯೊ ಗ್ಲೂ ಎಂದು ಕರೆಯುವ ದ್ರಾವಣಕ್ಕೆ ಮಾತ್ರ ಸ್ವಲ್ಪಮಟ್ಟಿಗೆ ಒಳ್ಳೆಯ ಆಧಾರವಿದ್ದುದರಿಂದ, ಮುಂದೆ ಅದನ್ನು ಬಳಸಲು ಒಪ್ಪಿದೆವು.

ನಿಮ್ಮ ಮುಟ್ಟು ಕ್ರಮವಾಗಿದೆಯಲ್ಲ, ಸಹಜ ಚಕ್ರದಲ್ಲೇ ನೋಡೋಣ ಎಂದು ಬೆಂಗಳೂರಿನ ವೈದ್ಯೆಯೇ ಹೇಳಿದರು. ಇದರಲ್ಲಿ ಈಸ್ಟ್ರೋಜನ್ ಮಾತ್ರೆಗಳಿಲ್ಲ. ದೇಹವೇ ಒಂದು ಅಂಡವನ್ನು ಬೆಳೆಸುತ್ತದೆ, ಅದರ ಜೊತೆಗೆ ಒಳಪದರವೂ ಬೆಳೆಯುತ್ತದೆ. ಅಂಡ ಬಿಡುಗಡೆಯಾದ ಗಳಿಗೆಯನ್ನು ಹಿಡಿಯುವುದೇ ಕಷ್ಟದ ಕೆಲಸ. ಮುಟ್ಟಿನ ಹತ್ತನೆಯ ದಿನದ ಆಸುಪಾಸಿನಿಂದ ದಾವಣಗೆರೆಯಲ್ಲೇ ಸ್ಕ್ಯಾನಿಂಗ್ ಮಾಡಿಸಿ ಚಿತ್ರಗಳನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಿದ್ದೆ, ಮನೆಯಲ್ಲಿ ಅಂಡೋತ್ಪತ್ತಿಗೆ ಮುಂಚೆ ಏರುವ ಹಾರ್ಮೋನನ್ನು ತೋರಿಸುವ ಎಲ್‌ಎಚ್ ಪಟ್ಟಿಯಿಂದ ಮೂತ್ರ ಪರೀಕ್ಷಿಸಿಕೊಳ್ಳುತ್ತಿದ್ದೆ. ಅಂಡಕೋಶ ಸಾಕಷ್ಟು ದೊಡ್ಡದಾದ ಮೇಲೆ ಅಂಡ ಬಿಡುಗಡೆಯಾಗುವಂತೆ ಮಾಡುವ ಒಂದು ಟ್ರಿಗರ್ ಇಂಜೆಕ್ಷನ್ ಕೊಟ್ಟು, ಅಂಡೋತ್ಪತ್ತಿಯಿಂದ ಐದು ದಿನ ಎಣಿಸಿ ದಿನ ಗೊತ್ತುಮಾಡಿದರು. ದಿನ ತಿಳಿದದ್ದು ಕೊನೆಯ ಗಳಿಗೆಯಲ್ಲಿ. ರೈಲಿನಲ್ಲಿ ಸೀಟು ಸಿಗದೆ ರಾತ್ರಿ ಬಸ್ಸಿನಲ್ಲಿ ಹೋಗಬೇಕಾಯಿತು, ಪ್ರಾಂಶುಪಾಲರಿಗೆ ರಜೆಯ ವಿವರಣೆ ಕೊಡುವುದೂ ಸುಲಭವಾಗಿರಲಿಲ್ಲ. ಅಂಡೋತ್ಪತ್ತಿ ಕ್ರಮವಾಗಿಲ್ಲದವರಿಗೆ ಈ ದಾರಿ ಹೊಂದುವುದಿಲ್ಲ; ಅಂಥವರಿಗೆ ಲೆಟ್ರೊಜೋಲ್ ಮಾತ್ರೆಯಿಂದ ಒಂದು ಅಂಡ ಬೆಳೆಸಿ ಇದನ್ನೇ ಮಾಡುವುದುಂಟು.

ಸಹಜ ಚಕ್ರದಲ್ಲಿ ಗರ್ಭ ನಿಲ್ಲುವ ಸಾಧ್ಯತೆ ಔಷಧಿ ಚಕ್ರದಷ್ಟೇ ಇರುತ್ತದೆ, ಬಹಳ ಹೆಚ್ಚೇನಲ್ಲ. ವ್ಯತ್ಯಾಸ ಕಾಣುವುದು ನಂತರದ ತಿಂಗಳುಗಳಲ್ಲಿ. ಅಂಡ ಬಿಡುಗಡೆಯಾದ ಜಾಗದಲ್ಲಿ ಉಳಿಯುವ ಕಾರ್ಪಸ್ ಲ್ಯೂಟಿಯಂ ಪ್ರೊಜೆಸ್ಟರಾನ್ ಜೊತೆಗೆ ರಿಲ್ಯಾಕ್ಸಿನ್‌ನಂಥ ಹಾರ್ಮೋನುಗಳನ್ನೂ ಸ್ರವಿಸುತ್ತದೆ, ಅವು ಗರ್ಭಿಣಿಯ ರಕ್ತನಾಳಗಳನ್ನು ಹೊಸ ಹೊರೆಗೆ ಹೊಂದಿಸುತ್ತವೆ. ಔಷಧಿ ಚಕ್ರದಲ್ಲಿ ಇದಿಲ್ಲದಿರುವುದರಿಂದಲೇ ಪ್ರಿ-ಎಕ್ಲಾಂಪ್ಸಿಯಾ ಹೆಚ್ಚು ಕಾಣುತ್ತದೆ ಎಂಬ ಅಭಿಪ್ರಾಯಕ್ಕೆ ಈಗ ಬಲ ಬಂದಿದೆ. ನಮ್ಮ ತಾಯಿಗೆ ಬಿಪಿ ಇರುವುದರಿಂದ ನನ್ನ ಮಟ್ಟಿಗೆ ಈ ಮಾತಿಗೆ ತೂಕವಿತ್ತು.

ಈ ಸಲ ಒಂದೇ ಭ್ರೂಣ, ಅದೂ 4ಬಿಬಿ. ಎರಡಿಡಿಸಿ, ಅವಳಿಯಾದರೆ ಒಂದೇ ಸಲಕ್ಕೆ ಮುಗೀತಲ್ಲ ಎಂದು ನಾದಿನಿ ಹೇಳಿದ್ದಳು. ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳು ದಿನ ತುಂಬುವ ಮೊದಲೇ ಹುಟ್ಟುತ್ತವೆ, ತಾಯಿಗೂ ಬಿಪಿ, ಸಕ್ಕರೆ, ರಕ್ತಸ್ರಾವದ ಅಪಾಯ ಹೆಚ್ಚು. ಎರಡು ಒಳ್ಳೆಯ ಭ್ರೂಣಗಳಿದ್ದರೆ ಒಂದಾದ ಮೇಲೊಂದರಂತೆ ಸೇರಿಸಿದರೂ ಒಟ್ಟು ಫಲ ಹೆಚ್ಚುಕಡಿಮೆ ಅಷ್ಟೇ. ಫ್ರೀಜ್ ಮಾಡುವುದು ಚೆನ್ನಾಗಿ ಕೈಗೂಡಿದ ಮೇಲೆ ಎರಡನ್ನು ಒಟ್ಟಿಗೆ ಇಡಬೇಕಾದ ಅವಸರವೇ ಉಳಿದಿಲ್ಲ.

ಗರ್ಭ ನಿಂತಿತು, ಪ್ರತಿ ಭೇಟಿಯಲ್ಲೂ ಅಳೆದ ಬಿಪಿ ಕೊನೆಯವರೆಗೂ ಏರಲಿಲ್ಲ, ದಿನ ತುಂಬಿ ಮಗಳು ಹುಟ್ಟಿದಳು. ಸಹಜ ಚಕ್ರದಿಂದಲೇ ಆ ಫಲ ಬಂದಿತೆಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ದರ್ಜೆಯಲ್ಲಿ ಕೆಳಗಿದ್ದ ಭ್ರೂಣವೇ ವರ್ಣತಂತುಗಳ ಲೆಕ್ಕದಲ್ಲಿ ಸರಿಯಾಗಿದ್ದಿರಬಹುದು, ಅಂದಿನ 4ಎಎ ಹಾಗಿರಲಿಲ್ಲವೇನೋ. ಸೂಕ್ಷ್ಮದರ್ಶಕದ ಕೆಳಗೆ ಕಾಣುವ ಅಂದಕ್ಕೆ ಅದು ಗೊತ್ತಾಗುವುದಿಲ್ಲ. ಒಬ್ಬಳ ಅನುಭವದಿಂದ ಎರಡು ವಿಧಾನಗಳನ್ನು ತೂಗಲು ಬರುವುದಿಲ್ಲವೆಂದು ನಾನೇ ತರಗತಿಯಲ್ಲಿ ಹೇಳಿಕೊಡುತ್ತೇನೆ.

ಇನ್ನೂ ಕೆಲವು ಭ್ರೂಣಗಳು ಬೆಂಗಳೂರಿನ ಸಾರಜನಕದ ತೊಟ್ಟಿಯಲ್ಲಿವೆ. ಕಾನೂನಿನ ಪ್ರಕಾರ ಅವನ್ನು ಹತ್ತು ವರ್ಷಗಳವರೆಗೆ ಮಾತ್ರ ಇಡಬಹುದು; ಆಮೇಲೆ ನಮ್ಮ ಒಪ್ಪಿಗೆಯಿದ್ದರೆ ಸಂಶೋಧನೆಗೆ ಕೊಡುತ್ತಾರೆ, ಇಲ್ಲವಾದರೆ ನಾಶವಾಗಲು ಬಿಡುತ್ತಾರೆ. ಈ ವರ್ಷದ ಶುಲ್ಕ ಕಟ್ಟಿ ನವೀಕರಿಸಿದ್ದೇವೆ. ಮಗಳಿಗೆ ಎರಡು ವರ್ಷ ತುಂಬಿದ ಮೇಲೆ ಮತ್ತೆ ವೈದ್ಯೆಯನ್ನು ಕಾಣಬೇಕೆಂದಿದ್ದೇವೆ. ಆಗಲೂ ಸಹಜ ಚಕ್ರವೇ ಆಗುತ್ತದೆಯೋ ಮಾತ್ರೆಗಳ ಮೊರೆ ಹೋಗಬೇಕೋ ಎಂಬುದು ಆ ತಿಂಗಳ ಸ್ಕ್ಯಾನಿಂಗ್ ನೋಡಿಯೇ ತೀರ್ಮಾನವಾಗಬೇಕು.